ಊರ ನಾಟಕಕ್ಕೆ ಕೀಬೋರ್ಡ್ ಹೊಂದಿಸುವುದು: ಶ್ರುತಿ, ದನಿ, ಗುಡುಗು

ದಾವಣಗೆರೆ, ಚಿತ್ರದುರ್ಗದ ಕಡೆ ಜಾತ್ರೆ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಈಗ ಕೀಬೋರ್ಡೂ ಕೂರುತ್ತದೆ. ಹಾಡಿಗೆ ಜೊತೆ ಕೊಡುವುದು, ಖಳನ ಪ್ರವೇಶಕ್ಕೆ ಗುಡುಗು ಹಾಕುವುದು, ಪರದೆ ಬದಲಾಗುವಷ್ಟು ಹೊತ್ತು ತುಂಬಿಸುವುದು, ಮೂರೂ ಅದರ ಪಾಲಿಗೆ. ಬಟನ್ ಮುಟ್ಟುವ ಮೊದಲು ವೈರು ಸರಿಯಿರಬೇಕು.

ಚಿಕ್ಕ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಹೆಡ್‌ಫೋನ್ ತೂತೇ ಔಟ್‌ಪುಟ್, ಅದು ಸ್ಟೀರಿಯೋ. ಎರಡೂ ತುದಿಗೆ ಸ್ಟೀರಿಯೋ ಪಿನ್ ಇರುವ ಕೇಬಲನ್ನು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ (ಎರಡು ತಂತಿಯ ವ್ಯತ್ಯಾಸವನ್ನಷ್ಟೇ ಓದುವ) ಚಾನೆಲ್‌ಗೆ ಚುಚ್ಚಿದರೆ ಆ ಚಾನೆಲ್ ಎಡದ ದನಿಯಲ್ಲಿ ಬಲದ್ದನ್ನು ಕಳೆದುಬಿಡುತ್ತದೆ. ಎರಡೂ ಕಡೆ ಸಮನಾಗಿದ್ದದ್ದು ಮಾಯವಾಗಿ ಟೊಳ್ಳು ರಿವರ್ಬ್ (ಕೃತಕ ಅನುರಣನ) ಮಾತ್ರ ಉಳಿಯುತ್ತದೆ. ಕೀಬೋರ್ಡ್ ಕೆಟ್ಟಿತೆಂದು ರಿಪೇರಿಗೆ ಒಯ್ಯುವವರಿದ್ದಾರೆ; ಕೆಟ್ಟಿರುವುದು ಕೇಬಲ್ ಆಯ್ಕೆ. ಒಂದು ತುದಿಗೆ ಸ್ಟೀರಿಯೋ, ಇನ್ನೊಂದು ತುದಿಗೆ ಎರಡು ಮೋನೋ ಪಿನ್ ಇರುವ ಕೇಬಲ್ ತಂದು ಎರಡು ಚಾನೆಲ್‌ಗೆ ಕೊಡಿ. ಕೀಬೋರ್ಡ್ ವಾಲ್ಯೂಮ್ ಮುಕ್ಕಾಲಿಗಿಂತ ತುಸು ಕಡಿಮೆ ಇಟ್ಟು, ಉಳಿದದ್ದನ್ನು ಮೈಕ್ ಸೆಟ್‌ನವರಿಗೆ ಬಿಡಿ. ಅಡಾಪ್ಟರ್ ಬದಲಿಸುವಾಗ ಪಿನ್ ಕೂತಿತೆಂದು ಕರೆಂಟ್ ಕೊಡಬೇಡಿ: ಯಮಾಹಾದ ಚಿಕ್ಕ ಮಾದರಿಗಳಿಗೆ 12 ವೋಲ್ಟ್, ಕ್ಯಾಸಿಯೋದ ಹಲವಕ್ಕೆ 9.5 ವೋಲ್ಟ್. ಹಿಂಬದಿಯ ಪ್ಲಸ್-ಮೈನಸ್ ಗುರುತನ್ನೂ ಹೋಲಿಸಿ ನೋಡಿ.

ಇನ್ನು ಶ್ರುತಿ. ಹೊರಗಿನಿಂದ ಬರುವ ಕಲಾವಿದೆಯರು ಬಣ್ಣ ಹಚ್ಚಿಕೊಳ್ಳುವಾಗಲೇ ಅವರ ಶ್ರುತಿ ಕೇಳಿ ಬರೆದುಕೊಳ್ಳಿ. ಬಿಳಿ ಒಂದರ (ಸಪ್ತಕದ ಮೊದಲ ಬಿಳಿ ಕೀ, C) ಬೆರಳಿನಲ್ಲೇ ನುಡಿಸುವವರಿಗೆ ಟ್ರಾನ್ಸ್‌ಪೋಸ್, ಅಂದರೆ ಇಡೀ ಕೀಬೋರ್ಡಿನ ಶ್ರುತಿಯನ್ನು ಅರ್ಧ ಸ್ವರದ ಲೆಕ್ಕದಲ್ಲಿ ಸರಿಸುವುದು, ಹೀಗೆ: ಕಪ್ಪು ಒಂದಕ್ಕೆ +1, ಬಿಳಿ ಎರಡಕ್ಕೆ +2, ಕಪ್ಪು ಎರಡಕ್ಕೆ +3, ಬಿಳಿ ನಾಲ್ಕಕ್ಕೆ +5. ಬಿಳಿ ಐದಕ್ಕೆ +7 ಹಾಕಬಹುದು, ಆದರೆ ದನಿ ತೆಳ್ಳಗಾಗುತ್ತದೆ. −5 ಹಾಕಿದರೆ ತೂಕ ಉಳಿಯುತ್ತದೆ. ಹಾಗೆಯೇ ಕಪ್ಪು ನಾಲ್ಕಕ್ಕೆ −4, ಬಿಳಿ ಆರಕ್ಕೆ −3. ಕೀ ಒತ್ತಿ ಹಿಡಿದಿರುವಾಗ ಟ್ರಾನ್ಸ್‌ಪೋಸ್ ಬದಲಿಸಬೇಡಿ.

ಇಷ್ಟಾದರೂ ಹಾರ್ಮೋನಿಯಂ ಜೊತೆ ಕೂಡದಿದ್ದರೆ ತಪ್ಪು ಟ್ಯೂನಿಂಗ್‌ನದು. ಕೀಬೋರ್ಡಿನ ಮಧ್ಯದ ಬಿಳಿ ಆರು (A) 440 ಹರ್ಟ್ಸ್‌ನಲ್ಲಿರುತ್ತದೆ. ಹಳೆಯ ರೀಡು ಅಲ್ಲೇ ಇರಬೇಕೆಂದಿಲ್ಲ. ಟ್ರಾನ್ಸ್‌ಪೋಸ್ ಸೊನ್ನೆಗೆ ತಂದು, ಕೋರಸ್ ತೆಗೆದು, ನಡುಕವಿಲ್ಲದ ಆರ್ಗನ್ ದನಿ ಆರಿಸಿ. ಹಾರ್ಮೋನಿಯಂನಲ್ಲಿ ಒಂದೇ ಸಾಲು ರೀಡ್ ತೆರೆದು, ತಿದಿಯನ್ನು ಒಂದೇ ಸಮ ಒತ್ತುತ್ತಾ, ಎರಡರಲ್ಲೂ ಮಧ್ಯ ಸಪ್ತಕದ ಬಿಳಿ ಆರನ್ನು ಹಿಡಿಯಿರಿ. ವಂವ್-ವಂವ್ ಎಂಬ ಅಲೆ ಕೇಳುತ್ತದೆ. ಸೆಕೆಂಡಿಗೆ ಮೂರು ಅಲೆ ಬಂದರೆ ವ್ಯತ್ಯಾಸ 3 ಹರ್ಟ್ಸ್. ಟ್ಯೂನಿಂಗ್ 443ಕ್ಕೆ ಏರಿಸಿ. ಅಲೆ ಹೆಚ್ಚಾದರೆ ದಿಕ್ಕು ತಪ್ಪಿದೆ, 437ಕ್ಕೆ ಇಳಿಸಿ. ಅಲೆ ನಿಂತಲ್ಲಿ ಶ್ರುತಿ ಕೂಡಿತು. ಹತ್ತು ನಿಮಿಷದ ಕೆಲಸ, ಬಹಳ ಜನ ಮಾಡುವುದೇ ಇಲ್ಲ.

ದನಿಗೆ ಹಾರ್ಮೋನಿಯಂ ಅಥವಾ ಕೊಳಲು ಮುಖ್ಯ ಇಟ್ಟು, ಡ್ಯುಯಲ್‌ನಲ್ಲಿ (ಎರಡು ದನಿ ಒಟ್ಟಿಗೆ ನುಡಿಸುವ ಏರ್ಪಾಡು) ಸ್ಟ್ರಿಂಗ್ಸ್ ಸೇರಿಸಿ ಒಂದು ಆಕ್ಟೇವ್ ಕೆಳಗಿಳಿಸಿ. ಸ್ಟ್ರಿಂಗ್ಸ್ ಮಟ್ಟ ಮುಖ್ಯ ದನಿಯ ಅರ್ಧಕ್ಕಿಂತ ಹೆಚ್ಚಿದ್ದರೆ ಮಾತು ನುಂಗುತ್ತದೆ. ಡ್ಯುಯಲ್ ಹಾಕಿದಾಗ ಒಂದು ಕೀಗೆ ಎರಡು ದನಿ ಖರ್ಚು. ಸಸ್ಟೇನ್ ಪೆಡಲ್ ಒತ್ತಿಯೇ ಇದ್ದರೆ ಒಮ್ಮೆಗೆ 48 ದನಿ ಮಾತ್ರ ಹೊರಡಿಸಬಲ್ಲ ಕೀಬೋರ್ಡಿನಲ್ಲಿ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿ ಹೋಗುತ್ತವೆ. ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಆನ್ ಮಾಡುವಾಗ ಅದರ ಮೇಲೆ ಕಾಲಿತ್ತು ಎಂದರ್ಥ. ಆಫ್ ಮಾಡಿ, ಕಾಲು ತೆಗೆದು, ಮತ್ತೆ ಆನ್ ಮಾಡಿ.

ರಿವರ್ಬ್ ಜಾಗ ನೋಡಿ ಹಾಕಬೇಕು. ಸಾಣೇಹಳ್ಳಿಯಂಥ ಬಯಲು ರಂಗಮಂದಿರದಲ್ಲಿ ದನಿ ತಿರುಗಿ ಬರಲು ಗೋಡೆ ಕಡಿಮೆ. 127ರಲ್ಲಿ 40–50 ಹಾಲ್ ರಿವರ್ಬ್ ಒಪ್ಪುತ್ತದೆ. ತಗಡು ಶೀಟಿನ ಸಮುದಾಯ ಭವನದಲ್ಲಿ ಸೊನ್ನೆಯೇ ಚೆಂದ, ಮೈಕ್ ಸೆಟ್‌ನವರು ಹೇಗೂ ಎಕೋ ಸುರಿದಿರುತ್ತಾರೆ.

ಈಗ ಗುಡುಗು. ಜನರಲ್ ಮಿಡಿ (ಕೀಬೋರ್ಡ್ ದನಿಗಳಿಗೆ ಎಲ್ಲ ಕಂಪನಿಗೂ ಸಾಮಾನ್ಯವಾದ ನಂಬರ್ ಪಟ್ಟಿ) ಪಟ್ಟಿಯ ಕೊನೆಯಲ್ಲಿ, 123ರಿಂದ 128ರವರೆಗೆ, ಕಡಲ ಅಲೆ, ಹಕ್ಕಿ, ಟೆಲಿಫೋನ್, ಹೆಲಿಕಾಪ್ಟರ್, ಚಪ್ಪಾಳೆ, ಗುಂಡು ಸಾಲಾಗಿವೆ. ನಿಮ್ಮ ಕೀಬೋರ್ಡಿನ ಪಟ್ಟಿಯಲ್ಲಿ ನಂಬರ್ ಬೇರೆ ಇರಬಹುದು, ಹೆಸರು ಹುಡುಕಿ. ಈ ದನಿಗಳು ಕೀ ಬದಲಾದಂತೆ ಬದಲಾಗುತ್ತವೆ. ಗುಂಡನ್ನು ಎಡ ತುದಿಯ ಕೀಯಲ್ಲಿ ಒತ್ತಿದರೆ ಫಿರಂಗಿ. ಕಡಲ ಅಲೆಯನ್ನು ಕೆಳಗಿಳಿಸಿದರೆ ಬಿರುಗಾಳಿ. ಅದನ್ನು ಎಡಗೈಯಲ್ಲಿ ಹಿಡಿದು ಮಾಡ್ಯುಲೇಶನ್ ಇದ್ದರೆ ನಿಧಾನ ಏರಿಸಿ. ಎಫೆಕ್ಟ್ ಕಿಟ್ ಇದ್ದರೆ ಅಲ್ಲಿ ಒಂದೊಂದು ಕೀಗೆ ಒಂದೊಂದು ಸದ್ದು, ಟ್ರಾನ್ಸ್‌ಪೋಸ್ ಸಾಮಾನ್ಯವಾಗಿ ಅದನ್ನು ಅಲುಗಿಸುವುದಿಲ್ಲ. ಬೇಕಾದ ಕೀಗಳಿಗೆ ಬಣ್ಣದ ಟೇಪ್ ಅಂಟಿಸಿ, ರಂಗದ ಮಬ್ಬಿನಲ್ಲಿ ಹುಡುಕುವುದು ತಪ್ಪುತ್ತದೆ. ಟಚ್ ರೆಸ್ಪಾನ್ಸ್ (ಒತ್ತುವ ಬಲಕ್ಕೆ ತಕ್ಕಂತೆ ದನಿ ಏರಿಳಿಯುವುದು) ಆನ್ ಇದ್ದರೆ ಮೆಲ್ಲಗೆ ಒತ್ತಿದ ಗುಂಡು ಪಟಾಕಿಯಾಗುತ್ತದೆ; ಎಫೆಕ್ಟ್‌ಗೆ ಅದನ್ನು ಫಿಕ್ಸೆಡ್‌ಗೆ ತನ್ನಿ. ಗುಡುಗು ಮಾತಿನ ನಂತರ ಬರಬೇಕು, ಮಾತಿನ ಮೇಲಲ್ಲ.

ಪಾತ್ರಕ್ಕೊಂದರಂತೆ ಹೊಂದಿಸಿದ್ದನ್ನು ರಿಜಿಸ್ಟ್ರೇಶನ್ ಮೆಮೊರಿಯಲ್ಲಿ (ಒಂದು ಬಟನ್‌ಗೆ ಇಡೀ ಏರ್ಪಾಡು ನೆನಪಿಡುವ ಜಾಗ) ಉಳಿಸಿ, ಟ್ರಾನ್ಸ್‌ಪೋಸ್ ಕೂಡ ಉಳಿಯಿತೇ ಎಂದು ಬೇರೆ ನಂಬರ್ ಒತ್ತಿ, ಮತ್ತೆ ಕರೆದು ಪರೀಕ್ಷಿಸಿ. ಕೊನೆಯದಾಗಿ ಆಟೋ ಪವರ್ ಆಫ್: ಯಮಾಹಾದ ಪಿಎಸ್‌ಆರ್-ಇ ಮಾದರಿಗಳು 30 ನಿಮಿಷ ಯಾರೂ ಮುಟ್ಟದಿದ್ದರೆ ತಾವೇ ಆರಿಹೋಗುತ್ತವೆ. ಉದ್ದ ಸಂಭಾಷಣೆಯ ಅಂಕ ಮುಗಿದು ಕಂದ ಎತ್ತುವ ಹೊತ್ತಿಗೆ ಕೀ ಮೂಕ. ಎಡ ತುದಿಯ ಕೀ ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಈ ಏರ್ಪಾಡು ನಿಲ್ಲುತ್ತದೆ.