ಅಕ್ಕಿ, ಕಾಯಿ, ಎಣ್ಣೆ ಅಳೆದು ನೋಡಿ: ತೂಕ ಹಿಡಿತಕ್ಕೆ ತರುವ ದಿನಚರಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಊಟದ ಕ್ರಮ ಹೆಚ್ಚೇನೂ ಬದಲಾಗಿಲ್ಲ. ಬೆಳಗ್ಗೆ ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಮತ್ತೆ ಅನ್ನ ಅಥವಾ ಗಂಜಿ, ಎಲ್ಲದಕ್ಕೂ ಕಾಯಿ. ಬದಲಾದದ್ದು ಕೆಲಸ. ತೋಟಕ್ಕೆ ನೀರು ಬಿಡಲು ಪಂಪು ಬಂತು, ಅರೆಯಲು ಗ್ರೈಂಡರ್ ಬಂತು, ಪೇಟೆಗೆ ಹೋಗಲು ಸ್ಕೂಟರ್ ಬಂತು. ಹೊರೆ ಹೊತ್ತು ಗುಡ್ಡೆ ಹತ್ತಿ ಇಳಿಯುತ್ತಿದ್ದವರಿಗೆ ಬಡಿಸುತ್ತಿದ್ದಷ್ಟೇ ಅನ್ನವನ್ನು ಈಗ ದಿನವಿಡೀ ಕೂತಿರುವವರಿಗೂ ಬಡಿಸುತ್ತಿದ್ದೇವೆ. ತೂಕ ಇಳಿಸಲು ಹೊರಟವರು ಮೊದಲು ನೋಡಬೇಕಾದದ್ದು ಈ ಲೆಕ್ಕವನ್ನು. ಬಿಸಿನೀರಿಗೆ ಏನು ಹಿಂಡಬೇಕು ಎಂಬುದು ಬಹಳ ನಂತರದ ಪ್ರಶ್ನೆ.

ಮೆಟಬಾಲಿಸಂ ಅಥವಾ ಚಯಾಪಚಯ ಎಂದರೆ ದೇಹ ದಿನವಿಡೀ ಶಕ್ತಿ ಖರ್ಚು ಮಾಡುವ ರೀತಿ. ಹೆಚ್ಚು ಓಡಾಟವಿಲ್ಲದವರಲ್ಲಿ ಈ ಖರ್ಚಿನ 60ರಿಂದ 70 ಶೇಕಡಾ ಉಸಿರಾಟ, ಹೃದಯ, ಮೆದುಳು, ಯಕೃತ್ತಿನ ಕೆಲಸಕ್ಕೇ ಹೋಗುತ್ತದೆ. ತಿಂದದ್ದನ್ನು ಜೀರ್ಣಿಸಲು ಸುಮಾರು 10 ಶೇಕಡಾ ಬೇಕು. ಉಳಿದದ್ದು ಚಲನೆಗೆ. ಮೊದಲನೆಯ ಪಾಲನ್ನು ಒಂದು ಪುಡಿಯಿಂದಲೋ ಕಷಾಯದಿಂದಲೋ ಲೆಕ್ಕಕ್ಕೆ ಸಿಗುವಷ್ಟು ಏರಿಸಲು ಆಗುವುದಿಲ್ಲ. ಸ್ನಾಯು ಕರಗದಂತೆ ನೋಡಿಕೊಂಡರೆ ಅದು ಕುಸಿಯದೆ ನಿಲ್ಲುತ್ತದೆ. ಎರಡನೆಯದನ್ನು ಊಟದಲ್ಲಿ ಪ್ರೋಟೀನ್ ಹೆಚ್ಚಿಸಿ ಸ್ವಲ್ಪ ಏರಿಸಬಹುದು. ಮೂರನೆಯದು ಪೂರ್ತಿ ನಮ್ಮ ಕೈಯಲ್ಲಿದೆ.

"ನಲವತ್ತು ದಾಟಿತು, ಮೆಟಬಾಲಿಸಂ ಬಿದ್ದುಹೋಯಿತು" ಎಂಬ ಮಾತನ್ನು ನಂಬಬೇಡಿ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60 ವರ್ಷದವರೆಗೆ ಈ ಖರ್ಚು ಹೆಚ್ಚುಕಡಿಮೆ ಒಂದೇ ಸಮ. ಇಳಿಯತೊಡಗುವುದು 60ರ ನಂತರ, ಅದೂ ವರ್ಷಕ್ಕೆ ಒಂದು ಶೇಕಡಾಕ್ಕಿಂತ ಕಡಿಮೆ. ನಲವತ್ತರಲ್ಲಿ ಹೊಟ್ಟೆ ಬರುವುದಕ್ಕೆ ಕಾರಣ ಬಹುಪಾಲು ಓಡಾಟ ಕಡಿಮೆಯಾದದ್ದು, ಸ್ನಾಯು ಸೊರಗಿದ್ದು.

ಮೊದಲ ವಾರ ಬರೀ ಅಳತೆ

ಈ ವಾರ ಏನನ್ನೂ ಬಿಡಬೇಡಿ, ಅಳೆಯಿರಿ ಅಷ್ಟೆ. 500 ರೂಪಾಯಿಯೊಳಗೆ ಸಿಗುವ ಅಡುಗೆಮನೆ ತಕ್ಕಡಿ ಮತ್ತು ದರ್ಜಿಯ ಟೇಪು ಸಾಕು.

ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಶೌಚ ಮುಗಿಸಿ ಚಹಾ ಕುಡಿಯುವ ಮೊದಲು ನೋಡಿ. ದಿನಾ ನೋಡಿದರೆ ಗಾಬರಿಯೇ ಹೆಚ್ಚು. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೆ ಅಥವಾ ಮುಟ್ಟಿನ ದಿನ ಹತ್ತಿರವಾದರೆ ನೀರು ನಿಂತೇ ಒಂದು ಕಿಲೋ ಹೆಚ್ಚು ತೋರಿಸುತ್ತದೆ.

ಸೊಂಟದ ಸುತ್ತಳತೆ ತೂಕಕ್ಕಿಂತ ನಂಬುವಂಥದ್ದು. ಪಕ್ಕೆಲುಬಿನ ಕೊನೆಯ ಎಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಟೇಪು ಸುತ್ತಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಮುಂಡು ಉಡುವ ಜಾಗದಲ್ಲಿ, ಹೊಟ್ಟೆಯ ಕೆಳಗೆ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಭಾರತೀಯರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ. ನಮ್ಮ ಜನ ಹೊಟ್ಟೆಯೊಳಗೆ ಬೇಗ ಕೊಬ್ಬು ಕೂಡಿಸುವುದರಿಂದ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) ಕೂಡ 25 ಅಲ್ಲ, 23 ದಾಟಿದಾಗಲೇ ಹೆಚ್ಚು ತೂಕವೆಂದು ಲೆಕ್ಕ.

ಇನ್ನು ಅಕ್ಕಿ. ಬೆಂದ ಅನ್ನವನ್ನಲ್ಲ, ಹಸಿ ಅಕ್ಕಿಯನ್ನೇ ತೂಗಿ. ಕುಚ್ಚಲಕ್ಕಿ ಬೆಂದಾಗ ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ, ನೀರು ಬಸಿದದ್ದರ ಮೇಲೆ ವ್ಯತ್ಯಾಸವಾಗುತ್ತದೆ. ಹಾಗಾಗಿ ಬಟ್ಟಲಿನ ಅಂದಾಜು ಕೆಡುತ್ತದೆ. ಮನೆಗೆ ಎಷ್ಟು ಗ್ರಾಂ ಹಾಕಿದಿರಿ, ಎಷ್ಟು ಜನ ಉಂಡರು, ಭಾಗಿಸಿ. ದೋಸೆಯನ್ನೂ ಮರೆಯಬಾರದು. 400 ಗ್ರಾಂ ಅಕ್ಕಿ ನೆನೆಹಾಕಿ 20 ನೀರುದೋಸೆ ಎದ್ದರೆ ಒಂದಕ್ಕೆ 20 ಗ್ರಾಂ ಅಕ್ಕಿ. ಐದು ತಿಂದರೆ 100 ಗ್ರಾಂ, ಅಂದರೆ ಸುಮಾರು 350 ಕ್ಯಾಲೊರಿ. ದೋಸೆ ತೆಳ್ಳಗಿದೆ ಎಂದು ಹಗುರವಲ್ಲ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನಕ್ಕೆ ಎಲ್ಲ ಧಾನ್ಯ ಸೇರಿ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮೀನು-ಮಾಂಸ 85 ಗ್ರಾಂ ಎಂದಿದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಅಕ್ಕಿ ಮತ್ತು ತರಕಾರಿಯ ಅಂಕಿಗಳು ಅದಲುಬದಲಾಗಿವೆ. ತೂಕ ಇಳಿಸುವವರು ಅಕ್ಕಿಯನ್ನು ದಿನಕ್ಕೆ 180ರಿಂದ 200 ಗ್ರಾಂಗೆ ತಂದುಕೊಳ್ಳಿ. ಒಂದೇ ದಿನದಲ್ಲಿ ಅಲ್ಲ, ವಾರಕ್ಕೆ 25 ಗ್ರಾಂನಂತೆ.

ಕಾಯಿ ಮತ್ತು ಎಣ್ಣೆ

1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಕಾಸರಗೋಡಿನಲ್ಲಿ ಕಾಯಿ ಬಿಡಿ ಎಂದು ಹೇಳುವುದು ಬೇಡ, ಬಿಡಬೇಕಾಗಿಯೂ ಇಲ್ಲ. ಆದರೆ 100 ಗ್ರಾಂ ಹಸಿ ಕಾಯಿತುರಿಯಲ್ಲಿ 350ರಿಂದ 400 ಕ್ಯಾಲೊರಿ ಇದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದಿಡೀ ಕಾಯಿ ಮುಗಿಯುತ್ತಿದ್ದರೆ ತಲೆಗೆ 200 ಕ್ಯಾಲೊರಿಗೂ ಹೆಚ್ಚು ಅದರಿಂದಲೇ ಸಿಕ್ಕಿತು. ಅದನ್ನು ಒಂದು ಕಡಿಗೆ, ಅಂದರೆ ಅರ್ಧ ಕಾಯಿಗೆ, ಇಳಿಸಿ. ರುಚಿ ಕೆಡದಿರಲು ಉಪಾಯವಿದೆ: ಕೊದಿಲಿಗೆ (ಸಾಂಬಾರಿಗೆ) ಅರೆಯುವಾಗ ಕಾಯಿ ಅರ್ಧ ಮಾಡಿ, ಹುರಿದ ಕೊತ್ತಂಬರಿ ಒಂದು ಚಮಚ ಹೆಚ್ಚಿಸಿ, ಬೇಯಿಸಿದ ತೊಗರಿಬೇಳೆ ಎರಡು ಸೌಟು ಸೇರಿಸಿ ಅರೆಯಿರಿ, ದಪ್ಪ ಅದರಿಂದ ಬರುತ್ತದೆ. ಮೇಲಾರ, ತಂಬುಳಿಗೆ ಕಾಯಿ ಬೇಕೇ ಬೇಕು. ಅಂಥ ದಿನ ಪಲ್ಯಕ್ಕೆ ಕಾಯಿತುರಿ ಉದುರಿಸಬೇಡಿ. ಒಂದು ಊಟಕ್ಕೆ ಒಂದೇ ಕಾಯಿ ಪದಾರ್ಥ ಎಂಬ ನಿಯಮ ನೆನಪಿಡಲು ಸುಲಭ.

ತೆಂಗಿನೆಣ್ಣೆ ಕೊಬ್ಬು ಕರಗಿಸುತ್ತದೆ ಎಂಬ ಪ್ರಚಾರ ಇಲ್ಲಿ ಬೇಗ ಹಬ್ಬಿತು. ಆ ಪ್ರಚಾರಕ್ಕೆ ಆಧಾರವಾದ ಪ್ರಯೋಗಗಳು ನಡೆದದ್ದು ತೆಂಗಿನೆಣ್ಣೆಯ ಮೇಲಲ್ಲ, ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ತಯಾರಿಸಿದ ಎಣ್ಣೆಯ ಮೇಲೆ. ತೆಂಗಿನೆಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಅದು ದೇಹದಲ್ಲಿ ಬಹುಪಾಲು ಉಳಿದ ಕೊಬ್ಬಿನಂತೆಯೇ ನಡೆದುಕೊಳ್ಳುತ್ತದೆ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿ. ಒಂದು ದೊಡ್ಡ ಚಮಚಕ್ಕೆ ಸುಮಾರು 120, ಅಂದರೆ 65 ಕಿಲೋ ತೂಕದವರು ಅರ್ಧ ಗಂಟೆ ನಡೆದು ಖರ್ಚು ಮಾಡುವಷ್ಟು. ತಿಂಗಳ ಲೆಕ್ಕ ಹೀಗಿಡಿ: ಕಾಯಿ ಬಳಸುವ ಮನೆಯಲ್ಲಿ ಒಬ್ಬರಿಗೆ ಅರ್ಧ ಲೀಟರ್ ಎಣ್ಣೆ ಸಾಕು, ದಿನಕ್ಕೆ 15 ಗ್ರಾಂ ಆಯಿತು. ತಲೆಗೆ ಹಚ್ಚುವ ಎಣ್ಣೆಯನ್ನು ಬೇರೆ ಬಾಟಲಿಗೆ ಹಾಕಿಡದಿದ್ದರೆ ಈ ಲೆಕ್ಕ ಎಂದೂ ಸರಿಹೋಗದು.

ಸಂಜೆಯ ಚಹಾದ ಜೊತೆಗಿನ ಒಂದು ಮುಷ್ಟಿ ನೇಂದ್ರ ಚಿಪ್ಸ್, ಸುಮಾರು 30 ಗ್ರಾಂ, 150 ಕ್ಯಾಲೊರಿ. ನಾಲ್ಕು ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಎಂದರೆ 40 ಗ್ರಾಂ, 160 ಕ್ಯಾಲೊರಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ.

ಹುರುಳಿಕಾಳನ್ನು ಹಸುವಿಗೆ ಹಾಕಬೇಡಿ

ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಕೊಟ್ಟಿಗೆಗೆ ಸಾಗಿಸುವ ರೂಢಿ ಇನ್ನೂ ಇದೆ. ಪ್ರೋಟೀನ್‌ನ ಬಹುಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಕಾಳನ್ನು ಹಿಂದಿನ ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ. ಅರ್ಧ ಕಾಳನ್ನು ಸಾರಿಗೇ ಅರೆದು ಹಾಕಿ, ಉಳಿದದ್ದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿ. ಅರೆಬೆಂದರೆ ಹೊಟ್ಟೆ ಉಬ್ಬರಿಸುತ್ತದೆ, ಆಮೇಲೆ ಮನೆಯವರು ಹುರುಳಿಯ ಹೆಸರೆತ್ತಿದರೆ ಓಡುತ್ತಾರೆ.

ಪ್ರೋಟೀನ್ ಜೀರ್ಣಿಸಲು ದೇಹ ಅದರ ಶಕ್ತಿಯ 20ರಿಂದ 30 ಶೇಕಡಾ ಖರ್ಚು ಮಾಡುತ್ತದೆ, ಅನ್ನ-ದೋಸೆಯಂಥ ಪಿಷ್ಟಕ್ಕೆ 5ರಿಂದ 10 ಶೇಕಡಾ ಮಾತ್ರ. ಹಸಿವೂ ಬೇಗ ಮರಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೂಕ ಇಳಿಯುವಾಗ ಸ್ನಾಯು ಉಳಿಯುತ್ತದೆ. ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 1 ಗ್ರಾಂ ಗುರಿ ಇಟ್ಟುಕೊಳ್ಳಿ. 60 ಕಿಲೋದ ಸಸ್ಯಾಹಾರಿಗೆ ಹೀಗೆ ಹೊಂದುತ್ತದೆ: ಬೆಳಗ್ಗೆ 50 ಗ್ರಾಂ ಹೆಸರುಕಾಳು ಮೊಳಕೆ ಬರಿಸಿ ಬೇಯಿಸಿದ್ದು 12 ಗ್ರಾಂ, ಮಧ್ಯಾಹ್ನ 40 ಗ್ರಾಂ ಹುರುಳಿ 9, ಸಂಜೆ 40 ಗ್ರಾಂ ಕಡಲೆ 8, ದಿನವಿಡೀ 300 ಗ್ರಾಂ ಮೊಸರು ಸುಮಾರು 10, ಉಳಿದದ್ದು ಅಕ್ಕಿ ಮತ್ತು ತರಕಾರಿಯಿಂದ. ಮೀನು ತಿನ್ನುವವರಿಗೆ ಇನ್ನೂ ಸುಲಭ: 100 ಗ್ರಾಂ ಬೂತಾಯಿ ಅಥವಾ ಬಂಗುಡೆಯಲ್ಲಿ 20 ಗ್ರಾಂ ಹತ್ತಿರ. ಗಸಿ ಮಾಡಿ, ಇಲ್ಲವೇ ಕಾವಲಿಯಲ್ಲಿ ಒಂದು ಚಮಚ ಎಣ್ಣೆಯಲ್ಲಿ ಸುಡಿ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಗಳಿಸಿದ್ದು ಹೋಯಿತು.

ಬಡಿಸುವ ಕ್ರಮವನ್ನೂ ತಿರುಗಿಸಿ. ಬಟ್ಟಲಿನ ಅರ್ಧಕ್ಕೆ ಮೊದಲು ಹರಿವೆ, ಬಸಳೆ, ತೊಂಡೆ, ಬಾಳೆದಿಂಡಿನ ಪಲ್ಯ. ಕಾಲು ಭಾಗ ಕಾಳು ಅಥವಾ ಮೀನು. ಉಳಿದ ಜಾಗದಲ್ಲಿ ಅನ್ನ. ಹಲಸಿನ ಕಾಲದಲ್ಲಿ ಗುಜ್ಜೆ (ಎಳೆ ಹಲಸಿನಕಾಯಿ) ಪಲ್ಯವನ್ನು ಅನ್ನದ ಜಾಗಕ್ಕೆ ಹಾಕಬಹುದು. ಕೊಟ್ಟಿಗೆ (ಎಲೆಯಲ್ಲಿಟ್ಟು ಆವಿಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ) ತಿಂದ ಹೊತ್ತಿಗೆ ಅನ್ನ ಬೇಡ, ಕೊಟ್ಟಿಗೆಯೇ ಅಕ್ಕಿ.

ಕೂತು ಮಾಡುವ ಕೆಲಸ, ಮಳೆಗಾಲ ಮತ್ತು ಸ್ನಾಯು

ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು ಸಂಜೆಗೆ ಸುಸ್ತಾಗಿರುತ್ತಾರೆ, ಆದ್ದರಿಂದ ವ್ಯಾಯಾಮ ಆಯಿತೆಂದು ತಿಳಿಯುತ್ತಾರೆ. ಬೆರಳು, ಮಣಿಕಟ್ಟು, ಬೆನ್ನು ದಣಿದದ್ದು ನಿಜ. ಆದರೆ ತೊಡೆ, ಪೃಷ್ಠದ ದೊಡ್ಡ ಸ್ನಾಯುಗಳು ದಿನವಿಡೀ ಅಲುಗಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಬನ್ನಿ. ಊಟವಾದ ಮೇಲೆ 10ರಿಂದ 15 ನಿಮಿಷ ನಡೆದರೆ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ ಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಹೆದ್ದಾರಿಯ ಬದಿ ಬೇಡ. ಶಾಲೆಯ ಮೈದಾನ, ದೇವಸ್ಥಾನದ ಸುತ್ತು, ತೋಟದ ಬದು ಒಳ್ಳೆಯದು. ಜೂನ್ ಬಂತೆಂದರೆ ನಡಿಗೆ ನಿಲ್ಲುತ್ತದೆ, ಸೆಪ್ಟೆಂಬರಿನಲ್ಲಿ ತೂಕ ಎರಡು ಕಿಲೋ ಮೇಲೆ. ಇದಕ್ಕೆ ಮೇ ತಿಂಗಳಲ್ಲೇ ವ್ಯವಸ್ಥೆ ಮಾಡಿಕೊಳ್ಳಿ. ಜಗಲಿಯ ಉದ್ದ ಹತ್ತು ಮೀಟರ್ ಇದ್ದರೆ 100 ಸಲ ಹೋಗಿಬಂದರೆ ಎರಡು ಕಿಲೋಮೀಟರ್. ಕೊಡೆಯೂ ಬೇಡ.

ಸ್ನಾಯುವಿನ ಅಭ್ಯಾಸ ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಗೆ ಕಟ್ಟಿ, ಎದ್ದು ನಿಲ್ಲಿ. ಕೂರುವಾಗ ಮನಸ್ಸಿನಲ್ಲಿ ಮೂರು ಎಣಿಸುತ್ತ ನಿಧಾನಕ್ಕೆ ಇಳಿಯಿರಿ. ದೊಪ್ಪನೆ ಬಿದ್ದರೆ ತೊಡೆಗೆ ಕೆಲಸವಿಲ್ಲ, ಸೊಂಟಕ್ಕೆ ಪೆಟ್ಟು. ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳಿನ ನೇರಕ್ಕೆ ಇರಲಿ. 10 ಸಲ ಒಂದು ಸುತ್ತು, ಮೂರು ಸುತ್ತು. ಬಳಿಕ ಗೋಡೆಗೆ ಕೈಯೂರಿ ಎದೆಯನ್ನು ಗೋಡೆಯ ಹತ್ತಿರ ತಂದು ದೂಡುವುದು, 10ರಂತೆ ಮೂರು ಸುತ್ತು. ಐದು ಲೀಟರಿನ ಕ್ಯಾನಿಗೆ ನೀರು ತುಂಬಿದರೆ ಐದು ಕಿಲೋ. ಮುಂದಕ್ಕೆ ಬಾಗಿ, ಒಂದು ಕೈ ಮೇಜಿಗೂರಿ, ಇನ್ನೊಂದು ಕೈಯಲ್ಲಿ ಕ್ಯಾನನ್ನು ಸೊಂಟದ ತನಕ ಎಳೆಯಿರಿ. ಕೊನೆಗೆ ಚಾವಡಿಯ ಕಂಬ ಹಿಡಿದು ಹಿಮ್ಮಡಿ ಎತ್ತುವುದು, 15 ಸಲ. ಕೊನೆಯ ಎರಡು ಸಲ ಕಷ್ಟವಾಗಬೇಕು. ಆಗದಿದ್ದರೆ ಭಾರ ಕಡಿಮೆಯಾಯಿತು.

ಯಕ್ಷಗಾನದ ತಿಂಗಳುಗಳು

ದೀಪಾವಳಿಯ ನಂತರದಿಂದ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನದ ಆಟ, ತೆಯ್ಯಂನ ಕಳಿಯಾಟ, ಮದುವೆ, ಉಪನಯನ ಒಂದರ ಹಿಂದೊಂದು. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚುತ್ತದೆ, ಸಿಹಿ ಮತ್ತು ಕರಿದದ್ದರ ಕಡೆಗೇ ಮನಸ್ಸು ಎಳೆಯುತ್ತದೆ. ಆಟಕ್ಕೆ ಹೋಗಿ, ಆದರೆ ನಡುರಾತ್ರಿಯ ಗೋಳಿಬಜೆ ಬಿಟ್ಟು ಸಕ್ಕರೆಯಿಲ್ಲದ ಕಟ್ಟಂಚಾಯ (ಹಾಲಿಲ್ಲದ ಚಹಾ) ಕುಡಿಯಿರಿ, ಮರುದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಉಳಿದ ದಿನಗಳಲ್ಲಿ ಏಳು ಗಂಟೆ ನಿದ್ದೆ ತಪ್ಪಿಸಬೇಡಿ. ಮದುವೆ ಊಟದಲ್ಲಿ ಹೋಳಿಗೆ, ಪಾಯಸ ಎರಡರಲ್ಲಿ ಒಂದನ್ನು ಆರಿಸಿ, ಎರಡನೇ ಸಲ ಅನ್ನ ಬೇಡವೆನ್ನಿ.

ನಿಂಬೆ-ಜೇನು ನೀರು ಕೊಬ್ಬು ಕರಗಿಸುವುದಿಲ್ಲ. ಒಂದು ಚಮಚ ಜೇನಿನಲ್ಲಿ 20 ಕ್ಯಾಲೊರಿ ಇದೆ ಅಷ್ಟೆ. ಮೀನು ಸಾರಿಗೆ ಹಾಕುವ ಕುಡಂಪುಳಿಯ ಸತ್ವವನ್ನು ಗಾರ್ಸೀನಿಯಾ ಎಂಬ ಹೆಸರಿನ ಗುಳಿಗೆಯಾಗಿ ಮಾರುತ್ತಾರೆ. ಅಡುಗೆಯ ಪ್ರಮಾಣ ನಿರಪಾಯ, ಪುನರ್ಪುಳಿ ಸಾರೂ ಹಾಗೆಯೇ. ಆದರೆ ಆ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ. ಮುಟ್ಟಬೇಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಇಳಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು, ಇಲ್ಲದಿದ್ದರೆ ಸಕ್ಕರೆ ದಿಢೀರ್ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮೊದಲು ಕೇಳಿ. ಗರ್ಭಿಣಿಯರು ತೂಕ ಇಳಿಸಲು ಹೋಗಬಾರದು. ಕಾರಣವಿಲ್ಲದೆ ತೂಕ ಏರಿ, ಜೊತೆಗೆ ಚಳಿ ತಡೆಯದಿರುವುದು, ಮಲಬದ್ಧತೆ, ಮುಖ ಊದಿಕೊಳ್ಳುವುದು ಇದ್ದರೆ ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ತೋರಿಸಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಾತ್ರೆ ನುಂಗುವವರು ಬೆಳಗ್ಗೆ ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಚಹಾಕ್ಕೆ ಅರ್ಧದಿಂದ ಒಂದು ಗಂಟೆ ಕಾಯಬೇಕು.

ವಾರಕ್ಕೆ ಅರ್ಧ ಕಿಲೋ ಇಳಿದರೆ ಒಳ್ಳೆಯ ವೇಗ. ಉಪವಾಸ ಬಿದ್ದು ಅದಕ್ಕಿಂತ ಬಹಳ ಬೇಗ ಇಳಿಸಿದರೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚು. ದೇಹ ಹಗುರಾದಂತೆ ಅದರ ಖರ್ಚೂ ತಗ್ಗುವುದರಿಂದ ಮೂರು ತಿಂಗಳ ಹೊತ್ತಿಗೆ ಇಳಿಕೆ ನಿಧಾನವಾಗುತ್ತದೆ. ನಾಲ್ಕು ವಾರ ತೂಕವೂ ಸೊಂಟವೂ ಅಲುಗದಿದ್ದರೆ ಅನ್ನವನ್ನು ಮತ್ತೆ ಕತ್ತರಿಸಬೇಡಿ. ತಕ್ಕಡಿಯನ್ನು ಮತ್ತೊಮ್ಮೆ ಹೊರತೆಗೆದು ಒಂದು ವಾರ ಎಲ್ಲವನ್ನೂ ಮೊದಲಿನಂತೆ ತೂಗಿ. ಹೆಚ್ಚಾಗಿ ಎಣ್ಣೆಯ ಬಾಟಲಿ ಬೇಗ ಖಾಲಿಯಾಗುತ್ತಿರುತ್ತದೆ, ಒಂದು ಕಡಿ ಇದ್ದ ಕಾಯಿ ಮತ್ತೆ ಒಂದಿಡೀ ಆಗಿರುತ್ತದೆ, ಇಲ್ಲವೇ ಭಾನುವಾರದ ನಡಿಗೆ ನಿಂತಿರುತ್ತದೆ.