ಸೊಲ್ಯೂಷನ್ ಒಣಗಲಿ ಮಾರಾಯ್ರೆ! ಮಡಚುವ ಸೈಕಲ್‌ಗೆ ಪಂಕ್ಚರ್ ಹಾಕುವುದು ಹೇಗೆ?

ಕಳೆದ ಮಳೆಗಾಲದಲ್ಲಿ ನಾವು ಮೂವರು ಮಡಚುವ ಸೈಕಲ್ ಹೊತ್ತುಕೊಂಡು ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿದೆವು. ಇಳಿದು, ಸೈಕಲ್ ಬಿಡಿಸಿ ಜೋಗದ ಕಡೆ ಹೊರಟು ಅರ್ಧ ಗಂಟೆ ಆಗಿರಲಿಲ್ಲ. ಒಬ್ಬನ ಹಿಂದಿನ ಚಕ್ರ ಮೆತ್ತಗಾಯಿತು. ಅವನು ಜಂಬದಿಂದ ಕಿಟ್ ತೆಗೆದ. ಹತ್ತೇ ನಿಮಿಷಕ್ಕೆ ಪ್ಯಾಚ್ ಹಾಕಿ, ಗಾಳಿ ಹೊಡೆದು, ‘ಆಯ್ತು, ನಡೀರಿ’ ಅಂದ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಪ್ಯಾಚ್ ಎದ್ದಿತ್ತು. ಇನ್ನೊಂದು ಹಾಕಿದ. ಅದು ನಿಂತಿತು, ಆದರೆ ಪಕ್ಕದಲ್ಲೇ ಹೊಸ ತೂತು! ಕೊನೆಗೆ ಸೈಕಲ್ ಮಡಚಿ ಬಸ್ಸಿನ ಡಿಕ್ಕಿಗೆ ಹಾಕಿ ಜೋಗ ನೋಡಿ ಬಂದ. ಮಡಚುವ ಸೈಕಲ್‌ನಲ್ಲಿ ಇದೊಂದು ಸುಖ ಇದೆ.

ಅವನು ಮಾಡಿದ್ದು ಎರಡು ತಪ್ಪು. ಪ್ಯಾಚ್ ಹಾಕುವ ಮೊದಲು ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ಒಣಗಲು ಬಿಡಲಿಲ್ಲ. ಟೈರಿನೊಳಗೆ ಮುಳ್ಳು ಹುಡುಕಲಿಲ್ಲ. ನಾನು ನೋಡಿದ ಹೆಚ್ಚಿನವರು ಎಡವುವುದು ಈ ಎರಡರಲ್ಲೇ. ಉಳಿದದ್ದನ್ನು ಹೈಸ್ಕೂಲ್ ಹುಡುಗರೂ ಮಾಡುತ್ತಾರೆ.

ಮಡಚುವ ಸೈಕಲ್‌ನ ಸಣ್ಣ ಚಕ್ರಕ್ಕೆ ಪಂಕ್ಚರ್ ಜಾಸ್ತಿ ಅನ್ನುತ್ತಾರಲ್ಲ, ಅದರಲ್ಲಿ ಸ್ವಲ್ಪ ನಿಜ ಇದೆ. 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಮುಂದೆ ಹೋಗುತ್ತದೆ. ಅಂದರೆ ಕಿಲೋಮೀಟರಿಗೆ 650ಕ್ಕೂ ಹೆಚ್ಚು ಸುತ್ತು. ಅಜ್ಜನ ಕಾಲದ 28 ಇಂಚಿನ ಸೈಕಲ್‌ಗೆ 450 ಸಾಕು. ಅಷ್ಟೇ ದಾರಿಯಲ್ಲಿ ಸಣ್ಣ ಟೈರಿನ ಪ್ರತಿ ಜಾಗವೂ ಹೆಚ್ಚು ಸಲ ನೆಲಕ್ಕೆ ತಾಗುತ್ತದೆ, ಬೇಗ ಸವೆಯುತ್ತದೆ. ಸವೆದ ಟೈರಿಗೆ ಮುಳ್ಳು ಸಲೀಸು.

ಮೊದಲು ಸಾಮಾನು

ಟೈರ್ ಎಬ್ಬಿಸುವ ಪ್ಲಾಸ್ಟಿಕ್ ಲಿವರ್ ಎರಡು, ಸ್ಯಾಂಡ್ ಪೇಪರ್ ಚೂರು, ಸೊಲ್ಯೂಷನ್, ಪ್ಯಾಚ್, ಬಾಲ್ ಪೆನ್ನು, ಒಣ ಬಟ್ಟೆ, ಕೈ ಪಂಪು. ಚಕ್ರದ ನಟ್ಟಿಗೆ ಸರಿಹೊಂದುವ ಪಾನಾ ಒಂದು. ಹೆಚ್ಚಿನ ಸೈಕಲ್‌ಗಳ ಹಿಂದಿನ ಚಕ್ರಕ್ಕೆ 15 ನಂಬರ್ ಬೇಕು, ಆದರೆ ನಿಮ್ಮದಕ್ಕೆ ಮನೆಯಲ್ಲೇ ಹಾಕಿ ನೋಡಿಕೊಳ್ಳಿ.

ಲಿವರ್ ಬದಲು ಸ್ಕ್ರೂ ಡ್ರೈವರ್ ಬೇಡ. ಚಮಚದ ಹಿಡಿಯೂ ಬೇಡ. ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿಕೊಂಡವರನ್ನು ನೋಡಿ ಸಾಕಾಗಿದೆ.

ಸೊಲ್ಯೂಷನ್ ಬಗ್ಗೆಯೂ ಒಂದು ಮಾತು. ಸಣ್ಣ ಟ್ಯೂಬನ್ನು ಒಮ್ಮೆ ತೂತು ಮಾಡಿದರೆ ಮುಚ್ಚಳ ಎಷ್ಟೇ ಬಿಗಿ ಮಾಡಿ, ಕೆಲವು ತಿಂಗಳಲ್ಲಿ ಒಣಗಿ ಹೋಗಿರುತ್ತದೆ. ಅದು ಗೊತ್ತಾಗುವುದು ತೀರ್ಥಹಳ್ಳಿ ದಾರಿಯ ಮಂಡಗದ್ದೆ ದಾಟಿದ ಮೇಲೆ, ಮಳೆಯಲ್ಲಿ. ಹಾಗಾಗಿ ಒಡೆಯದ ಸೊಲ್ಯೂಷನ್ ಟ್ಯೂಬ್ ಒಂದು ಯಾವಾಗಲೂ ಚೀಲದಲ್ಲಿರಲಿ. ಸೊಲ್ಯೂಷನ್ ಬೇಡದ, ಸ್ಟಿಕ್ಕರ್ ಹಾಗೆ ಅಂಟಿಸುವ ಪ್ಯಾಚ್ ಬರುತ್ತದೆ. ಮನೆ ಮುಟ್ಟಲು ಅದು ಸಾಕು. ಅದನ್ನೇ ನಂಬಿ ಆಗುಂಬೆಗೆ ಹೊರಡಬೇಡಿ. ತಕ್ಷಣ ಅಂಟುವ ಗಮ್ ಅಂತೂ ಹಾಕಲೇಬೇಡಿ, ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಹಂತ 1: ಚಕ್ರ ಬಿಚ್ಚಬೇಡಿ

ಹೌದು, ಬಿಚ್ಚಬೇಡಿ. ಮಡಚುವ ಸೈಕಲ್‌ನ ಹಿಂದಿನ ಚಕ್ರ ಬಿಚ್ಚುವುದೆಂದರೆ ನಟ್ಟು, ವಾಷರ್, ಬ್ರೇಕ್ ಕೇಬಲ್, ಗೇರ್, ಚೈನು ಅಂತ ಹತ್ತು ತಾಪತ್ರಯ. ಮತ್ತೆ ಹಾಕುವಾಗ ಯಾವ ವಾಷರ್ ಯಾವ ಕಡೆ ಇತ್ತು ಅಂತ ತಲೆ ಕೆರೆದುಕೊಳ್ಳಬೇಕು. ಟ್ಯೂಬ್ ಬದಲಿಸಬೇಕಾದರೆ ಮಾತ್ರ ಬಿಚ್ಚುವುದು. ಪ್ಯಾಚ್‌ಗೆ ಬೇಕಾಗುವುದು ಟೈರಿನ ಒಂದು ಅಂಚು ಮಾತ್ರ.

ಸೀಟಿನ ಕೆಳಗೆ ಗೋಣಿಚೀಲ ಹಾಸಿ ಸೈಕಲ್ ತಲೆಕೆಳಗು ನಿಲ್ಲಿಸಿ. ವಾಲ್ವ್ ಬಾಯಿಗೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಬಂದರೆ ಪಂಕ್ಚರೇ ಅಲ್ಲ, ವಾಲ್ವ್ ಪಿನ್ ಸಡಿಲ. ತಿರುಗಿಸಿ ಬಿಗಿ ಮಾಡಿ ಹೊರಡಿ.

ಹಂತ 2: ಟೈರಿನ ಅಂಚು ಎಬ್ಬಿಸುವುದು

ಉಳಿದ ಗಾಳಿಯನ್ನೆಲ್ಲ ಬಿಡಿ. ಸಣ್ಣ ಟೈರು ಬಿಗಿ ಇರುತ್ತದೆ, ಸುಮ್ನೆ ಬಲ ಹಾಕಿದರೆ ಲಿವರ್ ಮುರಿಯುತ್ತದೆ. ರಿಮ್‌ನ ನಡುವೆ ಒಂದು ತಗ್ಗು ಇದೆ. ಸುತ್ತಲೂ ಟೈರನ್ನು ಎರಡೂ ಕಡೆಯಿಂದ ಹಿಂಡುತ್ತಾ ಅಂಚನ್ನು ಆ ತಗ್ಗಿಗೆ ಇಳಿಸಿ. ಆಗ ಅರ್ಧ ಇಂಚು ಸಡಿಲ ಸಿಗುತ್ತದೆ. ಚೈನ್ ಇಲ್ಲದ ಪಕ್ಕದಲ್ಲಿ ಲಿವರ್ ಹಾಕಿ ಎಬ್ಬಿಸಿ, ವಾಲ್ವ್ ಇರುವ ಕಡೆ ಮಾತ್ರ ಬಿಟ್ಟು ಟ್ಯೂಬ್ ಹೊರಗೆಳೆಯಿರಿ. ಅದು ರಿಮ್‌ಗೆ ಜೋತು ಬಿದ್ದಿರಲಿ.

ಹಂತ 3: ತೂತು ಹುಡುಕುವುದು

ಟ್ಯೂಬ್‌ಗೆ ಸ್ವಲ್ಪ ಗಾಳಿ ಹೊಡೆದು ತುಟಿಯ ಹತ್ತಿರ ಹಿಡಿದು ಸುತ್ತಲೂ ನೋಡಿ. ಬೆರಳಿಗೆ ಗೊತ್ತಾಗದ ಗಾಳಿ ತುಟಿಗೆ ಗೊತ್ತಾಗುತ್ತದೆ. ಆಗಲಿಲ್ಲವಾ, ನೀರು. ನಮ್ಮೂರಿನ ಮಳೆಗಾಲದಲ್ಲಿ ನೀರು ಹುಡುಕುವ ಕಷ್ಟವಂತೂ ಇಲ್ಲ. ಸಿಕ್ಕ ತಕ್ಷಣ ಬಾಲ್ ಪೆನ್ನಿನಿಂದ ದೊಡ್ಡದಾಗಿ ಗುಣಿಸುವ ಗುರುತು ಹಾಕಿ. ತೂತಿನ ಸುತ್ತ ಸಣ್ಣ ವೃತ್ತ ಬರೆದರೆ ಸ್ಯಾಂಡ್ ಪೇಪರ್ ಉಜ್ಜುವಾಗ ಅಳಿಸಿ ಹೋಗುತ್ತದೆ, ಮತ್ತೆ ಮೊದಲಿಂದ ಹುಡುಕಬೇಕು. ಗುರುತಿನ ಗೆರೆ ಉದ್ದ ಇದ್ದರೆ ತುದಿಗಳಾದರೂ ಉಳಿಯುತ್ತವೆ.

ಹಂತ 4: ಕಳ್ಳನನ್ನು ಹಿಡಿಯುವುದು

ಟ್ಯೂಬನ್ನು ಇದ್ದ ಜಾಗಕ್ಕೆ ಹಿಡಿದು ನೋಡಿ. ತೂತು ಎಲ್ಲಿದೆಯೋ ಟೈರಿನಲ್ಲಿ ಅಲ್ಲೇ ಕಳ್ಳ ಇರುತ್ತಾನೆ. ಮೊದಲು ಹೊರಗಿನಿಂದ ಕಣ್ಣಲ್ಲಿ ನೋಡಿ. ಆಮೇಲೆ ಬಟ್ಟೆಯ ಚೂರನ್ನು ಟೈರಿನೊಳಗೆ ಸುತ್ತಲೂ ಎಳೆಯಿರಿ. ಮುಳ್ಳಿನ ತುದಿ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಿ ನೇರವಾಗಿ ಸವರಬೇಡಿ. ಒಳಗಿರುವುದು ಗಾಜೋ ತಂತಿಯೋ ಯಾರಿಗೆ ಗೊತ್ತು?

ಮಲೆನಾಡಿನಲ್ಲಿ ನನಗೆ ಜಾಸ್ತಿ ಸಿಕ್ಕಿದ್ದು ಬಿದಿರು ಮುಳ್ಳು. ಬೇಲಿ ಕಟ್ಟುವ ದಿನಗಳಲ್ಲಿ ತೋಟದ ದಾರಿಯಲ್ಲಿ ಕಡಿದ ಚೂರುಗಳು ಬಿದ್ದಿರುತ್ತವೆ. ಅದು ಟೈರಿನೊಳಗೆ ಮುರಿದು ಕೂರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನನ್ನ ಗೆಳೆಯನಿಗೆ ಎರಡನೇ ತೂತು ಮಾಡಿದ್ದು ಅದೇ. ಟೈರನ್ನು ಒಳಮುಖ ಮಡಚಿ, ಉಗುರು ಕತ್ತರಿಸುವ ನೇಲ್ ಕಟ್ಟರ್‌ನಿಂದ ಎಳೆದರೆ ಬರುತ್ತದೆ.

ತೂತೇ ಕೆಲವೊಮ್ಮೆ ಕತೆ ಹೇಳುತ್ತದೆ. ಟ್ಯೂಬಿನ ಹೊರಮೈಯಲ್ಲಿ ಒಂದೇ ತೂತಿದ್ದರೆ ಮುಳ್ಳು, ಗಾಜು. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡಿದ್ದರೆ ಗಾಳಿ ಕಮ್ಮಿ ಇಟ್ಟುಕೊಂಡು ಗುಂಡಿಗೆ ಹಾರಿಸಿದ್ದೀರಿ. ಅಲ್ಲಿ ಟೈರಿನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ರಿಮ್ ಕಡೆಯ ಒಳಮೈಯಲ್ಲಿ ತೂತಿದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತುದಿ ಚುಚ್ಚಿದೆ. ವಾಲ್ವ್ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ಆಸೆ ಬಿಡಿ, ಹೊಸ ಟ್ಯೂಬ್ ಹಾಕಿ.

ಹಂತ 5: ಪ್ಯಾಚ್ ಹಾಕುವುದು (ಇಲ್ಲಿ ನಿಧಾನ)

ಟ್ಯೂಬ್ ಒಣಗಿರಬೇಕು. ‘ಒರೆಸಿದೆ’ ಅಂದರೆ ಸಾಲದು, ಒಣಗಿರಬೇಕು. ಮನೆಯಲ್ಲಾದರೆ ಬಚ್ಚಲ ಒಲೆಯ ಹತ್ತಿರ, ಕೈಗೆ ಬೆಚ್ಚಗೆ ತಾಗುವಷ್ಟು ದೂರದಲ್ಲಿ ಐದು ನಿಮಿಷ ಹಿಡಿಯಿರಿ. ಆದರೆ ಇದು ಸೊಲ್ಯೂಷನ್ ಹಚ್ಚುವ ಮೊದಲು ಮಾತ್ರ. ಹಚ್ಚಿದ ಮೇಲೆ ಒಲೆ, ಬೀಡಿ, ದೀಪ ಯಾವುದರ ಹತ್ತಿರವೂ ಹೋಗಬಾರದು. ಅದು ಪೆಟ್ರೋಲಿನ ಹಾಗೆ ಬೆಂಕಿ ಹಿಡಿಯುತ್ತದೆ. ಮಳೆಗಾಲದಲ್ಲಿ ಹಂಡೆ ಒಲೆಯ ಮುಂದೆ ಕೂತು ಸೊಲ್ಯೂಷನ್ ಒಣಗಿಸುತ್ತಿದ್ದ ಒಬ್ಬರನ್ನು ನಾನೇ ಕೂಗಿ ಎಬ್ಬಿಸಿದ್ದೇನೆ.

ಈಗ ಸ್ಯಾಂಡ್ ಪೇಪರ್. ಪ್ಯಾಚ್‌ಗಿಂತ ಅರ್ಧ ಇಂಚು ಜಾಸ್ತಿ ಜಾಗದಲ್ಲಿ ಉಜ್ಜಿ. ಹೊಳಪು ಹೋಗಿ ಮಾಸಲು ಕಪ್ಪು ಬರಬೇಕು. ಟ್ಯೂಬಿನ ಉದ್ದಕ್ಕೆ ಅಚ್ಚಿನ ಗೆರೆಯೊಂದು ಉಬ್ಬಿರುತ್ತದೆ. ತೂತು ಅದರ ಹತ್ತಿರ ಇದ್ದರೆ ಆ ಗೆರೆಯನ್ನು ಪೂರ್ತಿ ಸವೆಸಿ. ಸಣ್ಣ ಟ್ಯೂಬಿನಲ್ಲಿ ಪ್ಯಾಚ್‌ಗೆ ಜಾಗವೇ ಕಡಿಮೆ, ಆ ಗೆರೆ ಉಳಿದರೆ ಅದರ ಪಕ್ಕದ ಸಂದಿಯಲ್ಲಿ ಗಾಳಿ ಸೋರುತ್ತದೆ. ಪುಡಿ ಒರೆಸಿ. ಉಜ್ಜಿದ ಜಾಗಕ್ಕೆ ಬೆರಳು ತಾಗಿಸಬೇಡಿ, ಕೈಯ ಜಿಡ್ಡು ಸಾಕು ಕೆಡಿಸಲು.

ಸೊಲ್ಯೂಷನ್ ತೆಳ್ಳಗೆ ಹಚ್ಚಿ. ದೋಸೆಗೆ ಎಣ್ಣೆ ಸವರಿದ ಹಾಗೆ, ಅಷ್ಟೇ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅಂದುಕೊಳ್ಳಬೇಡಿ. ದಪ್ಪ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ.

ಈಗ ಸುಮ್ಮನೆ ಕೂತುಕೊಳ್ಳಿ. ಬೇಸಿಗೆಯಲ್ಲಿ ಐದು ನಿಮಿಷ. ಆಷಾಢದ ಮಳೆಯಲ್ಲಿ ಹತ್ತು, ಹದಿನೈದು. ಹೆಚ್ಚಿನವರಿಗೆ ಇಷ್ಟು ತಾಳ್ಮೆ ಇರುವುದಿಲ್ಲ. ಅವರು ಇದನ್ನು ಗಮ್ ಅಂದುಕೊಂಡಿದ್ದಾರೆ. ಗಮ್ಮನ್ನು ಹಸಿಯಿದ್ದಾಗ ಅಂಟಿಸುತ್ತೇವೆ. ಇದು ಹಾಗಲ್ಲ. ಒಣಗಿದ ಸೊಲ್ಯೂಷನ್ನಿಗೂ ಪ್ಯಾಚಿನ ಅಡಿಯ ಪದರಕ್ಕೂ ಬೆಸುಗೆ ಬೀಳಬೇಕು. ನಡುವೆ ಹಸಿ ಉಳಿದರೆ ಪ್ಯಾಚ್ ಜಾರುತ್ತದೆ, ಗಾಳಿಯ ಒತ್ತಡ ಬಿದ್ದ ಕೂಡಲೇ ಏಳುತ್ತದೆ.

ಬಾಯಿಂದ ಊದಬೇಡಿ. ಉಸಿರಿನಲ್ಲಿ ತೇವ ಇದೆ. ಸೊಲ್ಯೂಷನ್ ಆರುವಾಗ ಅದರ ಮೇಲ್ಮೈ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವವೇ ಅಲ್ಲಿ ಬಂದು ಕೂರುತ್ತದೆ, ನಿಮ್ಮ ಉಸಿರೂ ಯಾಕೆ ಸೇರಬೇಕು? ದಾರಿಯಲ್ಲಿದ್ದರೆ ಬಸ್ ಸ್ಟಾಪಿನ ಸೂರಿನಡಿ ನಿಂತು, ರೇನ್‌ಕೋಟಿನ ಮರೆಯಲ್ಲಿ ಹಿಡಿದುಕೊಳ್ಳಿ. ಒಂದು ಹನಿ ಬಿದ್ದರೂ ಒರೆಸಿ, ಒಣಗಿಸಿ, ಮತ್ತೆ ಉಜ್ಜುವುದರಿಂದ ಶುರು.

ಒಣಗಿತೋ ಇಲ್ಲವೋ ನೋಡುವುದು ಹೀಗೆ: ಹೊಳಪು ಹೋಗಿರಬೇಕು. ಹಚ್ಚಿದ ಜಾಗದ ಅಂಚಿಗೆ, ನಡುವಿಗೆ ಅಲ್ಲ, ಬೆರಳಿನ ಹಿಂಬದಿ ತಾಗಿಸಿ. ಅಂಟಂಟು ಅನ್ನಿಸಬಹುದು, ಆದರೆ ಬೆರಳಿಗೆ ಏನೂ ಹತ್ತಬಾರದು. ಹತ್ತಿದರೆ ಇನ್ನೂ ಮೂರು ನಿಮಿಷ.

ಪ್ಯಾಚಿನ ಅಡಿಯ ಬೆಳ್ಳಿ ಕಾಗದ ಸುಲಿದು, ಆ ಮೈ ಮುಟ್ಟದೆ, ತೂತು ನಡುವೆ ಬರುವ ಹಾಗೆ ಒಂದೇ ಸಲಕ್ಕೆ ಇಡಿ. ಇಟ್ಟ ಮೇಲೆ ಸರಿಸುವ ಹಾಗಿಲ್ಲ. ನಡುವಿನಿಂದ ಅಂಚಿಗೆ ಲಿವರ್‌ನ ದುಂಡು ತುದಿಯಿಂದ ಎರಡು ನಿಮಿಷ ಒತ್ತಿ ಉಜ್ಜಿ. ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯಲು ಹೋಗಿ ಪ್ಯಾಚಿನ ಅಂಚು ಎಬ್ಬಿಸಬೇಡಿ. ಅದು ಹಾಗೇ ಇದ್ದರೆ ಏನೂ ನಷ್ಟ ಇಲ್ಲ. ಸುತ್ತಲೂ ಸ್ವಲ್ಪ ಪೌಡರ್ ಉದುರಿಸಿ. ಸರಿಯಾಯಿತಾ ಅಂತ ನೋಡಲು ಟ್ಯೂಬನ್ನು ಹೊರಗೇ ಬಲೂನಿನ ಹಾಗೆ ಉಬ್ಬಿಸುವ ಚಟ ಕೆಲವರಿಗೆ. ರಬ್ಬರ್ ಹಿಗ್ಗಿ ಹೊಸ ಪ್ಯಾಚ್ ಕಿತ್ತು ಬರುತ್ತದೆ.

ಹಂತ 6: ಮತ್ತೆ ಕೂರಿಸುವುದು

ಟ್ಯೂಬ್ ದುಂಡಗಾಗುವಷ್ಟು ಮಾತ್ರ ಗಾಳಿ ಹೊಡೆದು ಒಳಗೆ ಸೇರಿಸಿ. ಟೈರಿನ ಅಂಚನ್ನು ವಾಲ್ವ್‌ನ ಎದುರು ಕಡೆಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ಕೊನೆಯ ನಾಲ್ಕು ಇಂಚು ಬಿಗಿ ಬರುತ್ತದೆ. ಲಿವರ್ ಬೇಡ, ಹೆಬ್ಬೆರಳು ಸಾಕು. ಆಗದಿದ್ದರೆ ಎದುರು ಕಡೆಯ ಅಂಚು ತಗ್ಗಿಗೆ ಇಳಿದಿಲ್ಲ ಅಂತಲೇ ಅರ್ಥ. ವಾಲ್ವನ್ನು ಒಮ್ಮೆ ಒಳಗೆ ಒತ್ತಿ ಬಿಡಿ. ಸುತ್ತಲೂ ಟ್ಯೂಬ್ ಎಲ್ಲಾದರೂ ಅಂಚಿಗೆ ಸಿಕ್ಕಿದೆಯಾ ನೋಡಿ, ಗಾಳಿ ತುಂಬಿ. ಪೆಟ್ರೋಲ್ ಬಂಕಿನಲ್ಲಿ ಬ್ಲೋ ಹೊಡೆಸುವುದಾದರೆ ಹುಷಾರು. ಸಣ್ಣ ಟ್ಯೂಬ್ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಢಂ ಅನ್ನುತ್ತದೆ.

ಪಂಕ್ಚರ್ ಆಗದ ಹಾಗೆ

ಗಾಳಿ ಸರಿ ಇದ್ದರೆ ಅರ್ಧ ಕೆಲಸ ಆಯಿತು. ಟೈರಿನ ಪಕ್ಕದಲ್ಲೇ ಗಾಳಿಯ ಒತ್ತಡ ಎಷ್ಟಿರಬೇಕು ಅಂತ ಪಿಎಸ್‌ಐ ಲೆಕ್ಕ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ನೋಡಿ. ಹೆಬ್ಬೆರಳಲ್ಲಿ ಒತ್ತಿ ನೋಡುವ ಲೆಕ್ಕವನ್ನು ನಾನು ನಂಬುವುದಿಲ್ಲ, ಗೇಜ್ ಇರುವ ಪಂಪ್ ಇಟ್ಟುಕೊಳ್ಳಿ.

ಮಳೆಯಲ್ಲಿ ರಸ್ತೆಯ ತೀರಾ ಅಂಚಿಗೆ ಹೋಗಬೇಡಿ. ನೀರು ಗಾಜಿನ ಚೂರು, ತಂತಿ, ಜಲ್ಲಿ ಎಲ್ಲವನ್ನೂ ಗುಡಿಸಿ ತಂದು ಹಾಕುವುದು ಅಲ್ಲೇ. ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಸೀಳುತ್ತದೆ. ಸಕ್ರೆಬೈಲು ಕಡೆ ಹೋಗಿ ಬಂದ ಮೇಲೆ ಚಕ್ರ ನಿಧಾನಕ್ಕೆ ತಿರುಗಿಸಿ, ಟೈರಿಗೆ ಅಂಟಿದ್ದನ್ನು ಕೀಳಿ. ಗಾಜಿನ ಚೂರು ಕೆಲವೊಮ್ಮೆ ಒಂದೆರಡು ದಿನ ತೆಗೆದುಕೊಂಡು ನಿಧಾನವಾಗಿ ಒಳಗೆ ಹೋಗುತ್ತದೆ, ಅಲ್ವಾ?

ಆಗುಂಬೆ ಘಾಟಿ ಇಳಿಯುವವರು ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ರಿಮ್ ಹಿಡಿಯುವ ಬ್ರೇಕ್ ಆದರೆ ಸಣ್ಣ ರಿಮ್ ಬೇಗ ಬಿಸಿಯಾಗುತ್ತದೆ, ಪ್ಯಾಚ್ ಸಡಿಲವಾಗುತ್ತದೆ. ನಡುನಡುವೆ ನಿಂತು ಕಣಿವೆ ನೋಡಿ, ರಿಮ್ ಆರಲಿ.

ಟ್ಯೂಬಿನೊಳಗೆ ಸುರಿಯುವ ಹಸಿರು ಲೋಳೆ ಸಣ್ಣ ಮುಳ್ಳಿಗೆ ಕೆಲಸ ಮಾಡುತ್ತದೆ. ದೊಡ್ಡ ತೂತಾದರೆ ಅದೇ ಲೋಳೆ ಹೊರಗೆ ಬಂದು ಪ್ಯಾಚ್ ಅಂಟಲು ಬಿಡುವುದಿಲ್ಲ, ವಾಲ್ವ್ ಕಟ್ಟುತ್ತದೆ. ನನಗೆ ಬೇಡ. ಗಾಳಿಯೇ ಬೇಡದ ಗಟ್ಟಿ ಟೈರು? ನಮ್ಮ ರಸ್ತೆಗಳಲ್ಲಿ ಸೊಂಟಕ್ಕೆ ಪ್ಯಾಚ್ ಹಾಕಿಸಬೇಕಾಗುತ್ತದೆ. ಟೈರಿಗೂ ಟ್ಯೂಬಿಗೂ ನಡುವೆ ಹಳೆ ಟ್ಯೂಬ್ ಸೀಳಿ ಹಾಸುವುದು ಹಳ್ಳಿಯ ಉಪಾಯ. ತೂಕ ಹೆಚ್ಚುತ್ತದೆ, ಆದರೆ ತೋಟದ ದಾರಿಗೆ ಒಳ್ಳೆಯದೇ. ಸೀಳಿದ ಅಂಚು ಟ್ಯೂಬನ್ನು ಉಜ್ಜದ ಹಾಗೆ ಸಪಾಟಾಗಿ ಕತ್ತರಿಸಿ. ದುಡ್ಡಿದ್ದರೆ ಒಳಗೆ ರಕ್ಷಣೆಯ ಪದರ ಇರುವ ಟೈರ್ ಕೊಳ್ಳಿ, ನಾನು ಹಾಗೇ ಮಾಡಿದ್ದು.

ಒಂದು ಹೆಚ್ಚುವರಿ ಟ್ಯೂಬ್ ಚೀಲದಲ್ಲಿರಲಿ. ಕೊಳ್ಳುವಾಗ ‘20 ಇಂಚು’ ಅಂದರೆ ಸಾಲದು. 20ರಲ್ಲೇ 406, 451 (ಮಿಲಿಮೀಟರ್) ಅಂತ ಎರಡು ಅಳತೆಯ ರಿಮ್ ಇವೆ, ಟೈರಿನ ಮೇಲೆ ಬರೆದಿರುತ್ತದೆ. 20x1.75 ಅಂತಿದ್ದರೆ 406. ಮಕ್ಕಳ ಸೈಕಲ್‌ನ ಟ್ಯೂಬೇ ಆಗುತ್ತದೆ, ಎಲ್ಲಾ ಸೈಕಲ್ ಶಾಪಿನಲ್ಲೂ ಸಿಗುತ್ತದೆ. 451 ಅಥವಾ 16 ಇಂಚಿನ 349 ಆದರೆ ಮೊದಲೇ ತರಿಸಿಟ್ಟುಕೊಳ್ಳಿ. ತಂದ ಟ್ಯೂಬನ್ನು ಪಾನಾದ ಜೊತೆ ಬರಿದೇ ತುರುಕಬೇಡಿ. ನಾನು ಹಾಗೆ ಮಾಡಿ, ಒಂದು ವರ್ಷ ಹೊತ್ತು ತಿರುಗಿ, ಬೇಕಾದ ದಿನ ತೆಗೆದು ನೋಡಿದರೆ ಪಾನಾ ಉಜ್ಜಿ ಮೂರು ತೂತಾಗಿತ್ತು. ಈಗ ಪೌಡರ್ ಹಾಕಿ, ಹಳೇ ಕಾಲುಚೀಲದೊಳಗೆ ಇಡುತ್ತೇನೆ.