ಹೆರಿಗೆಯಾದ ಕೂಡಲೇ ಕುತ್ತಿಗೆ ಊದಿಕೊಂಡಾಗ

ಚೊಚ್ಚಲ ಹೆರಿಗೆ. ಮುಕ್ಕುವ ಹಂತ ಬಹಳ ಹೊತ್ತು ಎಳೆದಿತ್ತು. ಮಗು ಜೋರಾಗಿ ಅತ್ತಿತು, ನಾನು ಹೊಲಿಗೆ ಮುಗಿಸುತ್ತಿದ್ದೆ. ಆಗ ತಾಯಿ, "ಡಾಕ್ಟರೇ, ಎದೆ ಹಿಡಿದುಕೊಂಡಂತಿದೆ, ಕುತ್ತಿಗೆ ಬಿಗಿಯುತ್ತಿದೆ" ಎಂದರು. ದನಿ ಬದಲಾಗಿತ್ತು. ನೋಡನೋಡುತ್ತಲೇ ಒಂದು ಕೆನ್ನೆ ಉಬ್ಬಿತು.

ಇಂಥ ಊತ ಕಂಡರೆ ಎಲ್ಲರಿಗೂ ಮೊದಲು ಹೊಳೆಯುವುದು ಔಷಧದ ಅಲರ್ಜಿ. ಆದರೆ ದದ್ದು ಇರಲಿಲ್ಲ, ಉಬ್ಬಸ ಇರಲಿಲ್ಲ, ರಕ್ತದೊತ್ತಡವೂ ಕುಸಿದಿರಲಿಲ್ಲ. ಕೊರಳೆಲುಬಿನ ಮೇಲೆ ಬೆರಳೂರಿ ಮೆಲ್ಲಗೆ ಒತ್ತಿದೆ. ತರಗೆಲೆ ಪುಡಿಯಾದಂತೆ ಚರ್ಮದಡಿ ಚರಚರ ಎಂದಿತು. ನೀರು ತುಂಬಿದ ಊತವನ್ನು ಒತ್ತಿದರೆ ಕುಳಿ ಬೀಳುತ್ತದೆ. ಹೀಗೆ ಸದ್ದು ಮಾಡುವುದು ಗಾಳಿ.

ಉಸಿರು ಬಿಗಿಹಿಡಿದು ಮುಕ್ಕುವಾಗ ಎದೆಯೊಳಗಿನ ಒತ್ತಡ ವಿಪರೀತ ಏರುತ್ತದೆ. ಅಪರೂಪಕ್ಕೆ ಶ್ವಾಸಕೋಶದ ಗಾಳಿಗೂಡುಗಳು ಒಡೆದು, ಗಾಳಿ ರಕ್ತನಾಳಗಳ ಗುಂಟ ಎದೆಯ ನಡುಭಾಗಕ್ಕೆ ನುಸುಳಿ, ಅಲ್ಲಿಂದ ಕುತ್ತಿಗೆಗೆ, ಮುಖಕ್ಕೆ ಏರುತ್ತದೆ. 1939ರಲ್ಲಿ ಇದನ್ನು ವಿವರಿಸಿದ ಅಮೆರಿಕದ ವೈದ್ಯ ಲೂಯಿ ಹ್ಯಾಮನ್ ಅವರ ಹೆಸರೇ ಇದಕ್ಕೆ ನಿಂತಿದೆ. ಹೃದಯ ಬಡಿತದೊಂದಿಗೆ ಕೇಳುವ ಗರಗರ ಸದ್ದನ್ನೂ ಅವರು ಗುರುತಿಸಿದ್ದರು. ಎಲ್ಲರಲ್ಲೂ ಅದು ಕೇಳಿಸುವುದಿಲ್ಲ. ನಾನು ಸ್ಟೆತಾಸ್ಕೋಪಿಗಿಂತ ಬೆರಳನ್ನೇ ಹೆಚ್ಚು ನಂಬುತ್ತೇನೆ.

ತಾಯಿಯನ್ನು ಒರಗಿ ಕೂರಿಸಿ ಆಮ್ಲಜನಕ ಹಚ್ಚಿದೆವು, ಇಸಿಜಿ ತೆಗೆಸಿದೆವು. ಎಕ್ಸ್-ರೇಯಲ್ಲಿ ಹೃದಯದ ಅಂಚಿಗೆ ಸಣ್ಣ ಕಪ್ಪು ಗೆರೆ ಕಂಡಿತು, ಶ್ವಾಸಕೋಶ ಕುಸಿದಿರಲಿಲ್ಲ. ಇಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ, ಮಹಾಪಧಮನಿ ಸೀಳಿದ್ದರೂ ಹೀಗೇ ಎದೆ ನೋಯುತ್ತದೆ. ಹೆರಿಗೆ ನೋವಿನ ನಡುವೆ ಜೋರಾಗಿ ವಾಂತಿಯಾಗಿತ್ತೇ ಎಂದು ಕೇಳಲೇಬೇಕು, ಏಕೆಂದರೆ ಅನ್ನನಾಳ ಹರಿದಿದ್ದರೆ ಕಾಯುತ್ತಾ ಕೂರುವಂತಿಲ್ಲ. ಇವರಿಗೆ ವಾಂತಿ, ಜ್ವರ ಎರಡೂ ಇರಲಿಲ್ಲ.

ಉಳಿದದ್ದು ನೋವು ನಿವಾರಕ, ವಿಶ್ರಾಂತಿ, ನಿಗಾ. ನೋವು ತಗ್ಗಿಸಲು ಉಸಿರಿನ ಮೂಲಕ ಕೊಡುವ ನೈಟ್ರಸ್ ಆಕ್ಸೈಡ್ ಅನಿಲ ಮಾತ್ರ ಹತ್ತಿರ ಸುಳಿಯಬಾರದು. ಸಿಕ್ಕಿಕೊಂಡ ಗಾಳಿಯನ್ನು ಅದು ಇನ್ನಷ್ಟು ಹಿಗ್ಗಿಸುತ್ತದೆ. ಕೆಲವೇ ದಿನಗಳಲ್ಲಿ ಊತ ತಾನಾಗಿ ಇಳಿಯಿತು. ಅಷ್ಟರವರೆಗೆ ದಿನವೂ ಮನೆಯವರ ಜೊತೆ ಕುಳಿತು ಮಾತಾಡಿದೆ. ಊದಿದ ಮುಖ ಕಂಡವರ ಗಾಬರಿ ಒಂದೇ ಮಾತಿಗೆ ಇಳಿಯುವುದಿಲ್ಲ.

ಮಗು ಹುಟ್ಟುವ ಮೊದಲೇ ಈ ಚರಚರ ಸಿಕ್ಕರೆ ಮುಕ್ಕುವುದನ್ನು ನಿಲ್ಲಿಸಲು ಹೇಳುತ್ತೇನೆ. ಮಗುವಿನ ತಲೆ ಕೆಳಗಿಳಿದಿದ್ದರೆ, ಅದನ್ನು ಹೊರಗೆಳೆಯಲು ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹಿಡಿಯುತ್ತೇನೆ. ಮುಂದಿನ ಬಸಿರಿನಲ್ಲಿ ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲವೆಂದು ಬಿಡುಗಡೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟೆ.